ಕಪ್ಪು-ಬಿಳುಪು ಪ್ರಿಂಟಿನಲ್ಲಿ ಎಳೆಬಿಸಿಲು, ತಣ್ಣೆಳಲು

ಸೋಮನಾಥಪುರದ ಕೇಶವ ದೇವಾಲಯ 1258ರದ್ದು, ಕಟ್ಟಿರುವುದು ಬಳಪದ ಕಲ್ಲಿನಲ್ಲಿ. ಬೆಳಗಿನ ಬಿಸಿಲು ಬಿದ್ದ ಕಡೆ ಆ ಕಲ್ಲು ಬೆಚ್ಚಗೆ ಕಾಣುತ್ತದೆ; ಕೆತ್ತನೆಯ ಸಂದಿಗಳಲ್ಲಿ ತಣ್ಣನೆಯ ಬೂದು ಉಳಿದಿರುತ್ತದೆ. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಹಾಕುವಾಗಲೂ ಬೆಳಕಿಗೆ ತುಸು ಹಳದಿ, ನೆರಳಿಗೆ ತುಸು ನೀಲಿ ಸೇರಿಸಿದರೆ ಕಲ್ಲಿಗೆ ಆಳ ಬರುತ್ತದೆ. ತುಸು ಅಂದರೆ ಎಷ್ಟು? ನೋಡಿದವರಿಗೆ ಬಣ್ಣ ಕಾಣಬಾರದು, ಪಕ್ಕದಲ್ಲಿ ಬರೀ ಬೂದು ಪ್ರಿಂಟ್ ಇಟ್ಟಾಗಷ್ಟೇ ವ್ಯತ್ಯಾಸ ಗೊತ್ತಾಗಬೇಕು.

ಮೊದಲು ಕಾಗದ. ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಅದನ್ನು ಹಿಡಿಯಿರಿ. ನೀಲಿಯಾಗಿ ಹೊಳೆದರೆ ಅದರಲ್ಲಿ ಬೆಳಗಿಸುವ ರಾಸಾಯನಿಕ ಇದೆ. ಅಂಥ ಕಾಗದದಲ್ಲಿ ಹೈಲೈಟಿಗೆ, ಅಂದರೆ ಚಿತ್ರದ ಬೆಳಕಿನ ಭಾಗಕ್ಕೆ, ಹಳದಿ ಕೊಟ್ಟರೆ, ಬಿಳಿ ಅಂಚಿನ ಪಕ್ಕ ಚಿತ್ರ ಮಾಸಿದಂತೆ ಕಾಣುತ್ತದೆ. ಹೊಳೆಯದ ಹತ್ತಿ ಕಾಗದವಾದರೆ ಬೆಚ್ಚನೆ ಸ್ವಲ್ಪ ಕಾಗದದಿಂದಲೇ ಬರುತ್ತದೆ, ಹೈಲೈಟಿಗೆ ತುಸುವೇ ಹಳದಿ ಕೊಟ್ಟರೆ ಸಾಕು. ಈ ಕೆಲಸಕ್ಕೆ ಹತ್ತಿ ಕಾಗದವೇ ಮೇಲು.

ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನ ಕಲರ್ ಗ್ರೇಡಿಂಗಿನಲ್ಲಿ ಹೈಲೈಟಿಗೆ ಹ್ಯೂ (ಬಣ್ಣದ ಚಕ್ರದ ಮೇಲಿನ ಜಾಗ, ಡಿಗ್ರಿಯಲ್ಲಿ) 40, ಸ್ಯಾಚುರೇಶನ್ (ಬಣ್ಣದ ಗಾಢತೆ) 6; ಶ್ಯಾಡೋಗೆ, ಅಂದರೆ ನೆರಳಿಗೆ, ಹ್ಯೂ 220, ಸ್ಯಾಚುರೇಶನ್ 5 ಇಟ್ಟು ಶುರು ಮಾಡಿ. ಈ ಎರಡು ಹ್ಯೂಗಳ ನಡುವೆ ಸರಿಯಾಗಿ 180 ಇರುವುದು ಮುಖ್ಯ. ಎದುರುಬದುರಿನ ಬಣ್ಣಗಳು ಮಿಡ್‌ಟೋನಿನಲ್ಲಿ, ಅಂದರೆ ಬೆಳಕು-ನೆರಳಿನ ನಡುವಿನ ಬೂದಿನಲ್ಲಿ, ಸೇರಿದಾಗ ಒಂದನ್ನೊಂದು ಅಳಿಸಿ ಬೂದಾಗುತ್ತವೆ. 55 ಮತ್ತು 195 ಇಟ್ಟು ನೋಡಿ, ಸೇರುವ ಜಾಗ ಹಸಿರಿಗೆ ತಿರುಗುತ್ತದೆ. ಮುಖದ ಚರ್ಮದ ಮೇಲೆ ಈ ಹಸಿರು ಕಂಡರೆ ಪ್ರಿಂಟ್ ಕೆಟ್ಟಿತೆಂದೇ ಲೆಕ್ಕ. ಆದ್ದರಿಂದ ಎರಡು ಬಣ್ಣ ಎಲ್ಲಿ ಸೇರಬೇಕೆಂದು ತೀರ್ಮಾನಿಸುವ ಬ್ಯಾಲೆನ್ಸ್ ಸ್ಲೈಡರ್ ಸರಿಸಿ, ಚರ್ಮವಾಗಲಿ ಆಕಾಶವಾಗಲಿ ಪೂರ್ತಿ ಒಂದೇ ಬದಿಗೆ ಬರುವಂತೆ ಮಾಡಿ. ಕಲ್ಲು, ಮರದ ತೊಗಟೆಯಂಥ ಒರಟು ಜಾಗದಲ್ಲಿ ಎರಡು ಬಣ್ಣಗಳ ಬೆಸುಗೆ ಬಿದ್ದರೆ ಕಣ್ಣಿಗೆ ತಾಗುವುದಿಲ್ಲ.

0 ಕಪ್ಪು, 255 ಬಿಳಿ ಎಂಬ ಅಳತೆಯಲ್ಲಿ 255ರ ಬಿಳಿಗೆ ಇಂಕೇ ಬೀಳುವುದಿಲ್ಲ, ಬಣ್ಣದ ಛಾಯೆ ಎಲ್ಲಿಂದ ಬಂದೀತು? ಬಿಸಿಲಿನ ಭಾಗವನ್ನು 245ರ ಆಸುಪಾಸಿಗೆ ಇಳಿಸಿ. 15ಕ್ಕಿಂತ ಕೆಳಗಿನ ಕಪ್ಪಿನಲ್ಲೂ ತಂಪು ಮುಳುಗಿಹೋಗುತ್ತದೆ.

ಪ್ರಿಂಟ್ ಕೊಡುವಾಗ ಹೆಚ್ಚಿನ ತಪ್ಪು ಡ್ರೈವರಿನಲ್ಲಿ, ಅಂದರೆ ಕಂಪ್ಯೂಟರಿನ ಪ್ರಿಂಟರ್ ಸೆಟ್ಟಿಂಗಿನಲ್ಲಿ, ಆಗುತ್ತದೆ. ಗ್ರೇಸ್ಕೇಲ್ ಟಿಕ್ ಆಗಿದ್ದರೆ ಹಾಕಿದ ಛಾಯೆಯೆಲ್ಲ ಹೋಗುತ್ತದೆ. ಎಪ್ಸನ್ ಪಿ700, ಪಿ900 ಪ್ರಿಂಟರುಗಳ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಮೋಡ್ ಕೂಡ ಫೈಲಿನ ಬಣ್ಣ ಬಿಟ್ಟು ತನ್ನದೇ ಛಾಯೆ ಹಾಕುತ್ತದೆ. ಹಾಗಾಗಿ ಕಲರ್ ಮೋಡಿನಲ್ಲೇ ಕಳಿಸಿ: ಕಾಗದದ ಪ್ರೊಫೈಲನ್ನು (ಆ ಕಾಗದಕ್ಕೆ ಬಣ್ಣ ಹೊಂದಿಸುವ ಫೈಲು) ಸಾಫ್ಟ್‌ವೇರಿನಲ್ಲಿ ಆರಿಸಿ, ಬಣ್ಣ ಹೊಂದಿಸುವ ವಿಧಾನಕ್ಕೆ ರೆಲೆಟಿವ್ ಕಲರಿಮೆಟ್ರಿಕ್ ಇಟ್ಟು, ಡ್ರೈವರಿನ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಎರಡೂ ಕಡೆ ಆನ್ ಇದ್ದರೆ ಬೂದು ಬಣ್ಣ ಕೆಂಪುಗುಲಾಬಿಗೋ ಹಸಿರಿಗೋ ವಾಲುತ್ತದೆ. ನಾಲ್ಕೇ ಇಂಕಿನ ಟ್ಯಾಂಕ್ ಪ್ರಿಂಟರಿನಲ್ಲಿ ತೆಳು ಬೂದನ್ನು ಬಹುಪಾಲು ಬಣ್ಣದ ಇಂಕುಗಳನ್ನು ಬೆರೆಸಿಯೇ ಮಾಡಬೇಕು, ಇಷ್ಟು ಸಣ್ಣ ಛಾಯೆ ಅಲ್ಲಿ ಕೈಗೆ ನಿಲ್ಲುವುದು ಕಷ್ಟ. ತೆಳು ಬೂದಿಗೆ ಬೇರೆ ಇಂಕ್ ಇರುವ ಪ್ರಿಂಟರೇ ಬೇಕು.

ಪೂರ್ತಿ ಹಾಳೆ ಹಾಕುವ ಮುಂಚೆ ಚಿತ್ರದ ಒಂದೇ ತುಣುಕನ್ನು, ಬಿಸಿಲೂ ಸಂದಿಯೂ ಇರುವಂಥದ್ದನ್ನು, ಎ4 ಹಾಳೆಯಲ್ಲಿ ನಾಲ್ಕು ಸಲ ಹಾಕಿ: ಎರಡೂ ಸ್ಯಾಚುರೇಶನ್ 0, 4, 8, 12. ಒಂದು ದಿನ ಒಣಗಲು ಬಿಡಿ, ಹಸಿ ಪ್ರಿಂಟಿನ ಬಣ್ಣ ನಂಬುವಂತಿಲ್ಲ. ಮಳೆಗಾಲದಲ್ಲಿ ಉಳಿದ ಕಾಗದವನ್ನು ಕವರಿನಲ್ಲೇ ಮುಚ್ಚಿಡಿ. ತೇವ ಕುಡಿದ ಹಾಳೆ ಅಂಚು ಎತ್ತಿ ಪ್ರಿಂಟರಿನ ಹೆಡ್ಡಿಗೆ ತಾಗುತ್ತದೆ.

ಒಣಗಿದ ಮೇಲೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಒಮ್ಮೆ, ಚಿತ್ರ ತೂಗುಹಾಕುವ ಗೋಡೆಯ ದೀಪದಡಿ ಒಮ್ಮೆ ನೋಡಿ. ಹಳದಿ ಬಲ್ಬು ಬೆಚ್ಚನೆಯನ್ನು ಹೆಚ್ಚಿಸಿ ತೋರಿಸುತ್ತದೆ, ಬಿಳಿ ಎಲ್‌ಇಡಿ ಅದನ್ನು ನುಂಗುತ್ತದೆ. ಎರಡೂ ಕಡೆ ಒಪ್ಪುವ ತುಣುಕು ಸಾಮಾನ್ಯವಾಗಿ 4 ಮತ್ತು 8ರ ನಡುವೆ ಸಿಗುತ್ತದೆ. ಗೊಂದಲವಾದರೆ 4ರ ಕಡೆಗೇ ಹೋಗಿ.