ಫ್ಯಾನಿನ ರೆಕ್ಕೆಯ ಮೇಲಿದ್ದ ಹೆಸರು

ತಿಪಟೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ನಮ್ಮ ಪುಟ್ಟ ಟ್ರಸ್ಟ್ ಗ್ರಂಥಾಲಯ ನಡೆಸುತ್ತದೆ. ದಾನಿಗಳನ್ನು ಹುಡುಕುವ ಹೊಣೆ ನನ್ನ ಮೇಲೆ ಬಿದ್ದಾಗ, ಬೆಂಗಳೂರಿನ ದೊಡ್ಡ ಕಂಪನಿಗಳ ಪಟ್ಟಿ ಮಾಡಿ ನಲವತ್ತು ಮನವಿ ಪತ್ರ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ. ದುಡ್ಡು ಯಾರಲ್ಲಿದೆ ಎಂದಷ್ಟೇ ನೋಡಿದ್ದೆ. ಅವರಿಗೂ ನಮಗೂ ಏನು ನಂಟು ಎಂದು ಕೇಳಿಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಶಾಲೆಯ ಕೊಠಡಿಯಲ್ಲಿ ಕೂತಿದ್ದಾಗ ಕರೆಂಟ್ ಹೋಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ರೆಕ್ಕೆಯ ಮೇಲೆ ಕೆಂಪು ಅಕ್ಷರದಲ್ಲಿ 'ತಾಯಿಯ ಸ್ಮರಣಾರ್ಥ' ಎಂದಿತ್ತು, ಪಕ್ಕದಲ್ಲಿ ಮಗನ ಹೆಸರು. ಹೆಡ್ ಮೇಡಂ ಅವರನ್ನು ವಿಚಾರಿಸಿದೆ. "ಇಲ್ಲೇ ಓದಿದವರು ಮೇಡಂ, ಈಗ ಕಂಟ್ರಾಕ್ಟರು. ಇರಿ, ನಾನೇ ಫೋನ್ ಮಾಡ್ತೀನಿ" ಅಂದರು. ಹದಿನೈದು ದಿನಕ್ಕೆ ಎರಡು ಪುಸ್ತಕದ ಬೀರು ಬಂದವು. ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಗೋಡೆ ನೋಡುತ್ತೇನೆ: ನೀರಿನ ಟ್ಯಾಂಕು, ಬೆಂಚು, ದೇವಸ್ಥಾನದ ದಾನಿಗಳ ಕಲ್ಲು. ಒಮ್ಮೆ ಕೊಟ್ಟವರು ಇನ್ನೊಮ್ಮೆ ಕೊಡುವುದೇ ಹೆಚ್ಚು.

ಕಂಪನಿಗಳನ್ನು ಬಿಟ್ಟಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್ಆರ್‌ಗೆ ಖರ್ಚು ಮಾಡಬೇಕು; ತಾನು ಕೆಲಸ ಮಾಡುವ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಹಾಗಾಗಿ ಈಗ ನಮ್ಮ ಜಿಲ್ಲೆಯಲ್ಲೇ ಕಾರ್ಖಾನೆ ಇರುವವರ ವಾರ್ಷಿಕ ವರದಿಯನ್ನಷ್ಟೇ ಓದುತ್ತೇನೆ. ಶಿಕ್ಷಣಕ್ಕೆ ಕೊಟ್ಟಿದ್ದಾರೆಯೇ, ಎಷ್ಟು, ಯಾರ ಮೂಲಕ? ಈ ಹಣ ಪಡೆಯುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ಮಾಡಿಸಬೇಕಾದ ಸಿಎಸ್ಆರ್-1 ನೋಂದಣಿ ನಮಗೆ ಆಗಿರದಿದ್ದರೆ ಅವರ ಬಾಗಿಲು ತಟ್ಟಿಯೂ ಪ್ರಯೋಜನವಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಬರೆಯುವುದು ಇಷ್ಟೇ: ನಮ್ಮೊಂದಿಗಿನ ನಂಟು, ಹಿಂದೆ ಕೊಟ್ಟದ್ದು, ಪರಿಚಯ ಮಾಡಿಸಬಲ್ಲವರು. ಮನೆಯ ಜಗಳ, ಆಸ್ತಿ ವ್ಯಾಜ್ಯ ಕಿವಿಗೆ ಬೀಳುತ್ತವೆ, ಬರೆಯುವುದಿಲ್ಲ. ಆ ಪುಟವನ್ನು ಅವರೇ ಓದಿದರೂ ನೋಯಬಾರದು.

ವಿದೇಶದಲ್ಲಿರುವವರಾದರೆ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮೊದಲೇ ಕೇಳಿಬಿಡುತ್ತೇನೆ. ಅಮೆರಿಕದ ಪೌರತ್ವ ಪಡೆದ ಹಳೆ ವಿದ್ಯಾರ್ಥಿಯೊಬ್ಬರು ಐವತ್ತು ಸಾವಿರ ಕಳಿಸಲು ಮುಂದಾಗಿದ್ದರು. ಅದು ವಿದೇಶಿ ದೇಣಿಗೆ ಆಗುತ್ತದೆ, ಅದನ್ನು ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದ ನಾವು ಮುಟ್ಟುವಂತಿಲ್ಲ. ಸಂಕಟಪಟ್ಟುಕೊಂಡೇ ಬೇಡ ಅಂದೆ. ಅವರು ತಮ್ಮ ಜೊತೆ ಓದಿದ ಇಬ್ಬರಿಗೆ ಅಲ್ಲಿಂದಲೇ ಫೋನ್ ಹಚ್ಚಿದರು. ಅವರಲ್ಲಿ ಒಬ್ಬರು ತುಮಕೂರಿನಲ್ಲೇ ಇದ್ದಾರೆ. ಈಗ ಪ್ರತಿ ಜೂನ್‌ನಲ್ಲಿ ನಮ್ಮ ಪುಸ್ತಕದ ಖರ್ಚು ಅವರದು.