ಸನ್ಯಾಸಿ ಏಡಿ ಸಾಕುವುದು ಹೇಗೆ? ಮೊದಲು ಮರಳು ಸರಿ ಮಾಡಿ

ಅಮೆರಿಕದ ಪೂರ್ವ ಕರಾವಳಿಯ ಕನ್ನಡಿಗರ ಮನೆಗಳಿಗೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆಗಾಗ ಒಂದು ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್) ಬಂದು ಸೇರುತ್ತದೆ. ಮಿರ್ಟಲ್ ಬೀಚ್, ಓಷನ್ ಸಿಟಿ, ಫ್ಲಾರಿಡಾ, ಎಲ್ಲಿಗೇ ಹೋಗಿ, ಕಡಲ ದಂಡೆಯ ಅಂಗಡಿಗಳಲ್ಲಿ ಅದನ್ನು ಮಾರುತ್ತಾರೆ. ಬಣ್ಣ ಬಳಿದ ಚಿಪ್ಪಿನೊಳಗೆ ಏಡಿ, ಜೊತೆಗೆ ತಂತಿ ಪಂಜರ, ಒಂದು ತುಂಡು ಸ್ಪಂಜು, ಒಂದು ಹಿಡಿ ಬಣ್ಣದ ಕಲ್ಲು. ಮಕ್ಕಳು ಹಟ ಹಿಡಿಯುತ್ತಾರೆ. ದುಡ್ಡೂ ಜಾಸ್ತಿ ಅಲ್ಲ, ಸರಿ ಎಂದು ತರುತ್ತಾರೆ. ದಸರಾ ಹೊತ್ತಿಗೆ ಪಂಜರ ಖಾಲಿ. ‘ಅದರ ಆಯಸ್ಸೇ ಅಷ್ಟು’ ಎಂದು ಮಕ್ಕಳಿಗೆ ಸಮಾಧಾನ ಹೇಳಿಬಿಡುತ್ತಾರೆ. ಅದು ನಿಜವಲ್ಲ. ಈ ಜೀವಿ 30 ವರ್ಷ ಬದುಕಬಲ್ಲದು. ಮನೆಯಲ್ಲಿ ಕೆಲವೇ ತಿಂಗಳಲ್ಲಿ ಸಾಯುವುದು ನಾವು ಅದನ್ನು ಇಡುವ ರೀತಿಯಿಂದ.

ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಒಂದೇ ಜಾತಿ, ಸೀನೊಬೀಟ ಕ್ಲಿಪಿಯೇಟಸ್. ದಕ್ಷಿಣ ಫ್ಲಾರಿಡಾ, ಕೆರಿಬಿಯನ್ ದ್ವೀಪಗಳು ಇದರ ತವರು. ಎಡಗಡೆ ನೇರಳೆ ಬಣ್ಣದ ದೊಡ್ಡ ಕೊಂಬು, ಅಂದರೆ ಇಕ್ಕಳದಂಥ ಮುಂಗಾಲು, ಇರುತ್ತದೆ. ಹೆದರಿದರೆ ಚಿಪ್ಪಿನೊಳಗೆ ಸರಿದು ಅದೇ ಕೊಂಬಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಚಿಪ್ಪು ಅದರದ್ದಲ್ಲ, ಸತ್ತ ಕಡಲ ಬಸವನಹುಳುವಿನದು. ನೆಲದ ಮೇಲೇ ಬದುಕಿದರೂ ಇದು ಉಸಿರಾಡುವುದು ಕಿವಿರಿನಿಂದ. ಕಿವಿರು ಒಣಗಿದರೆ ಉಸಿರು ಕಟ್ಟುತ್ತದೆ. ಒಂದೇ ದಿನಕ್ಕಲ್ಲ, ವಾರಗಟ್ಟಲೆ ನಿಧಾನವಾಗಿ. ಹಾಗಾಗಿಯೇ ತಂದ ಹೊಸದರಲ್ಲಿ ‘ಚೆನ್ನಾಗೇ ಇದೆಯಲ್ಲ’ ಅನಿಸುತ್ತದೆ.

ತೊಟ್ಟಿ

ತಂತಿ ಪಂಜರವನ್ನು ಇವತ್ತೇ ಎಸೆಯಿರಿ. ಅದರಲ್ಲಿ ತೇವ ನಿಲ್ಲುವುದೇ ಇಲ್ಲ. ಮೀನು ಸಾಕುವ ಗಾಜಿನ ತೊಟ್ಟಿ ತನ್ನಿ. ಎರಡು ಪುಟ್ಟ ಏಡಿಗಳಿಗೆ 10 ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 20 ಗ್ಯಾಲನ್‌ಗಿಂತ ಕಡಿಮೆಯದು ಬೇಡ, 29 ಆದರೆ ಒಳ್ಳೆಯದು. ಯಾರೋ ಮಾರಿದ ಹಳೆಯದಾದರೂ ನಡೆಯುತ್ತದೆ. ನೀರು ಸೋರುವ ತೊಟ್ಟಿ ಕೂಡ ಆದೀತು, ಒಳಗೆ ತುಂಬುವುದು ಒದ್ದೆ ಮರಳು ತಾನೇ? ಮೇಲೆ ಗಾಜಿನ ಮುಚ್ಚಳ ಇರಲಿ. ಜಾಲರಿ ಮುಚ್ಚಳ ಇದ್ದರೆ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ. ಮುಚ್ಚಳ ಭದ್ರವಾಗಿರಲಿ, ಇವು ಹತ್ತುವುದರಲ್ಲಿ ಬಲು ಚುರುಕು.

ನೀರು, ಶಾಖ

ಎರಡು ಬಟ್ಟಲು ನೀರು ಬೇಕು. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಎರಡೂ ಏಡಿ ಪೂರ್ತಿ ಮುಳುಗುವಷ್ಟು ಆಳ ಇರಬೇಕು. ಹತ್ತಿ ಬರಲು ಕಲ್ಲೋ ಪ್ಲಾಸ್ಟಿಕ್ ಜಾಲರಿಯೋ ಇಡಿ. ಅಡುಗೆ ಉಪ್ಪು ಕದಡಿದರೆ ಕಡಲ ನೀರಾಗುವುದಿಲ್ಲ. ಕಡಲ ಮೀನು ಸಾಕುವವರಿಗೆಂದು ಮಾರುವ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು, ಗ್ಯಾಲನ್‌ಗೆ ಸುಮಾರು ಅರ್ಧ ಕಪ್. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಸಾಕು ಎನ್ನುವುದು ಹಳೆಯ ಮಾತು. ಕ್ಲೋರಿನ್ ಏನೋ ಹಾರಿಹೋಗುತ್ತದೆ. ಆದರೆ ಅಮೆರಿಕದ ಎಷ್ಟೋ ಊರುಗಳಲ್ಲಿ ಈಗ ಕ್ಲೋರಮೈನ್ ಹಾಕುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಎರಡನ್ನೂ ತೆಗೆಯುವ ದ್ರಾವಣ ಮೀನಿನ ಅಂಗಡಿಯಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಕ್ಲೋರಮೈನ್ ಹೆಸರು ಇದೆಯಾ ಎಂದು ಓದಿಯೇ ತೆಗೆದುಕೊಳ್ಳಿ. ‘ಏಡಿಗಳಿಗಾಗಿಯೇ’ ಎಂದು ಬರೆದ ಪುಟ್ಟ ಬಾಟಲಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ತೊಟ್ಟಿಯೊಳಗೆ ಶಾಖ 75ರಿಂದ 85 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಅಂದರೆ 24ರಿಂದ 29 ಸೆಲ್ಸಿಯಸ್. ತೇವಾಂಶ ಶೇ 80ರ ಆಸುಪಾಸು. ಚಳಿಗಾಲದಲ್ಲಿ ಅಲ್ಲಿನ ಮನೆಗಳ ಹೀಟರ್ ಗಾಳಿಯನ್ನು ಒಣಗಿಸಿಬಿಡುತ್ತದೆ, ನಮ್ಮ ತುಟಿಯೇ ಒಡೆಯುತ್ತದಲ್ವಾ? ಆಗಲೇ ಏಡಿಗಳೂ ಜಾಸ್ತಿ ಸಾಯುವುದು. ಕರೆಂಟಿನಿಂದ ಬಿಸಿಯಾಗುವ ಶಾಖದ ಹಾಳೆಯನ್ನು (ಹೀಟ್ ಮ್ಯಾಟ್) ತೊಟ್ಟಿಯ ಹಿಂಬದಿಯ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ. ಅಡಿಗೆ ಇಡಲೇಬೇಡಿ. ಮರಳಿನೊಳಗೆ ಮಲಗಿರುವ ಏಡಿ ಬೆಂದು ಹೋಗುತ್ತದೆ.

ಮುಳ್ಳು ತಿರುಗುವ ತೇವಮಾಪಕವನ್ನು ನಂಬಬೇಡಿ, ಡಿಜಿಟಲ್ ತನ್ನಿ. ಅದನ್ನೂ ಪರೀಕ್ಷೆ ಮಾಡಿಯೇ ನಂಬಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ. ಮಾಪಕದ ಜೊತೆ ಜಿಪ್ ಚೀಲದಲ್ಲಿಟ್ಟು ಬಿಗಿಯಾಗಿ ಮುಚ್ಚಿ. ಮಾರನೇ ದಿನ ಅದು ಶೇ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮಾಪಕ ಐದು ಕಡಿಮೆ ಹೇಳುತ್ತದೆ ಎಂದು ಅದರ ಮೇಲೇ ಬರೆದಿಟ್ಟುಕೊಳ್ಳಿ.

ಮರಳು

ಇಲ್ಲೇ ಎಲ್ಲರೂ ಎಡವುವುದು. ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದವರೂ ಒಂದೋ ಎರಡೋ ಇಂಚು ಮರಳು ಹಾಕಿ ಸುಮ್ಮನಾಗುತ್ತಾರೆ. ನೋಡಲು ಚೆಂದ ಕಾಣುತ್ತದೆ, ಏಡಿಗೆ ಸಾಲುವುದಿಲ್ಲ.

ಈ ಏಡಿ ಬೆಳೆಯಬೇಕಾದರೆ ಪೊರೆ ಬಿಡಬೇಕು. ಮೈಮೇಲಿನ ಗಟ್ಟಿ ಕವಚ ಹಿಗ್ಗುವುದಿಲ್ಲ. ಅದನ್ನು ಪೂರ್ತಿ ಕಳಚಿ, ಮೆತ್ತಗಿನ ಹೊಸ ಮೈಯಲ್ಲಿ ಹೊರಬಂದು, ಅದು ಗಟ್ಟಿಯಾಗುವ ತನಕ ಯಾರ ಕಣ್ಣಿಗೂ ಬೀಳದೆ ಇರಬೇಕು. ಕಾಡಿನಲ್ಲಿ ಇದನ್ನು ಮಣ್ಣಿನೊಳಗೆ ಬಿಲ ತೋಡಿ ಮಾಡುತ್ತದೆ. ಮನೆಯಲ್ಲಿ ಬಿಲ ತೋಡಲು ಜಾಗ ಇಲ್ಲದಿದ್ದರೆ ಪೊರೆ ಬಿಡುವುದನ್ನು ಮುಂದೂಡುತ್ತಾ ಹೋಗುತ್ತದೆ. ಕೊನೆಗೆ ತಡೆಯಲಾಗದೆ ಮೇಲೆಯೇ ಬಿಡುತ್ತದೆ, ಇಲ್ಲವೇ ಬಿಡಲಾಗದೆ ಸಾಯುತ್ತದೆ.

ಆಳದ ಲೆಕ್ಕ ಸುಲಭ. ನಿಮ್ಮಲ್ಲಿರುವ ಅತಿ ದೊಡ್ಡ ಏಡಿಯ ಎತ್ತರದ ಮೂರರಷ್ಟು ಆಳ ಬೇಕು, ಅದು ಎಷ್ಟೇ ಪುಟ್ಟದಿದ್ದರೂ 6 ಇಂಚಿಗೆ ಕಡಿಮೆ ಬೇಡ. ನಾನು ಹೇಳುವುದು 8 ಇಂಚು. 29 ಗ್ಯಾಲನ್ ತೊಟ್ಟಿಗೆ ಅಷ್ಟು ಆಳ ತುಂಬಲು 50 ಪೌಂಡಿನ ಮರಳಿನ ಚೀಲ ಮೂರು ಬೇಕಾಗುತ್ತದೆ. ಹಾಗಾಗಿ ತೊಟ್ಟಿಯನ್ನು ಎಲ್ಲಿಡಬೇಕೆಂದು ಮೊದಲೇ ಗಟ್ಟಿ ಮಾಡಿ, ಅಲ್ಲೇ ಇಟ್ಟು ತುಂಬಿ. ತುಂಬಿದ ಮೇಲೆ ಅಲುಗಾಡಿಸಲಾಗುವುದಿಲ್ಲ. ಪುಸ್ತಕದ ಹಗುರ ಕಪಾಟಿನ ಮೇಲಂತೂ ಬೇಡವೇ ಬೇಡ.

ಮಕ್ಕಳು ಆಡುವ ಮರಳು ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದೇ ಸಾಕು. ಐದು ಪಾಲು ಆ ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ. ನಮ್ಮೂರಲ್ಲಿ ತಾರಸಿ ತೋಟಕ್ಕೆ ಹಾಕುವ ಕೊಕೊಪೀಟ್ ಇದೇ. ಗೊಬ್ಬರ ಬೆರೆಸಿದ್ದನ್ನು ಮಾತ್ರ ತರಬೇಡಿ. ‘ಕ್ಯಾಲ್ಸಿಯಂ ಮರಳು’ ಎಂದು ಬಣ್ಣದ ಪೊಟ್ಟಣದಲ್ಲಿ ಮಾರುವುದನ್ನು ಮುಟ್ಟಲೇಬೇಡಿ. ಒದ್ದೆಯಾದರೆ ಗಾರೆಯಾಗುತ್ತದೆ, ಏಡಿಯ ಚಿಪ್ಪಿನೊಳಗೆ ಸೇರಿ ಮೆತ್ತಿಕೊಳ್ಳುತ್ತದೆ. ಬರೀ ಕಲ್ಲು ಹಾಕಿದರೆ ಬಿಲ ನಿಲ್ಲುವುದಿಲ್ಲ.

ಇನ್ನು ಹದ. ಕ್ಲೋರಿನ್ ತೆಗೆದ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕೈಯಲ್ಲೇ ಕಲಸಿ. ಬಕೆಟ್ಟಿನಲ್ಲಿ ಕಲಸಿ ತುಂಬುವುದು ಒಳ್ಳೆಯದು, ತೊಟ್ಟಿಯಲ್ಲೇ ನೀರು ಸುರಿದರೆ ತಳದಲ್ಲಿ ನಿಲ್ಲುತ್ತದೆ. ರವೆ ಉಂಡೆ ಕಟ್ಟುವ ಹದ ಗೊತ್ತಲ್ಲ, ಅದೇ ಹದ ಬರಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಇಳಿಯಬಾರದು. ತುಂಬಿದ ಮೇಲೆ ಬೆರಳನ್ನು ಬುಡದವರೆಗೂ ಚುಚ್ಚಿ ತೆಗೆಯಿರಿ. ತೂತು ಕುಸಿಯದೆ ಹಾಗೇ ನಿಂತರೆ ಗೆದ್ದಿರಿ. ಗೋಡೆ ಉದುರಿದರೆ ನೀರು ಕಡಿಮೆಯಾಗಿದೆ. ತೂತಿನ ತಳದಲ್ಲಿ ನೀರು ಮಿನುಗಿದರೆ ಜಾಸ್ತಿಯಾಗಿದೆ, ಒಣ ಮರಳು ಬೆರೆಸಿ.

ಆಮೇಲೂ ಗಾಜಿನ ಹೊರಗಿನಿಂದ ತಳವನ್ನು ಆಗಾಗ ನೋಡುತ್ತಿರಿ. ತಳದಲ್ಲಿ ಕಪ್ಪು ಗೆರೆ ಬಂದು, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ನೀರು ನಿಂತಿದೆ ಎಂದರ್ಥ. ಮೇಲಿನಿಂದ ದಿನಾ ನೀರು ಚಿಮುಕಿಸುವವರ ಮನೆಯಲ್ಲೇ ಇದು ಆಗುವುದು. ಮುಚ್ಚಳ ಸರಿಯಾಗಿದ್ದರೆ ದಿನಾ ಚಿಮುಕಿಸುವ ಅಗತ್ಯವೇ ಇಲ್ಲ.

ಕಾಣೆಯಾದರೆ ಕೆದಕಬೇಡಿ

ಪೊರೆ ಬಿಡುವ ಕಾಲ ಹತ್ತಿರ ಬಂದಾಗ ಏಡಿ ಚೆನ್ನಾಗಿ ತಿನ್ನುತ್ತದೆ, ನೀರಿನ ಬಟ್ಟಲಿನಲ್ಲಿ ಹೊತ್ತು ಕಳೆಯುತ್ತದೆ, ಎಲ್ಲೆಂದರಲ್ಲಿ ಅಗೆಯುತ್ತದೆ. ಮೈಬಣ್ಣ ಬೂದಿಯಾಗುತ್ತದೆ, ಕಣ್ಣು ಮಂಕಾಗುತ್ತದೆ. ಮುಂಚೆ ಕಾಲು ಮುರಿದಿದ್ದರೆ ಆ ಜಾಗದಲ್ಲಿ ಪಾರದರ್ಶಕವಾದ ಪುಟ್ಟ ಮೊಳಕೆ ಕಾಣುತ್ತದೆ. ಅದೇ ಮುಂದೆ ಹೊಸ ಕಾಲು. ಒಂದು ಬೆಳಿಗ್ಗೆ ಏಡಿ ಇರುವುದಿಲ್ಲ, ಮರಳಿನೊಳಗೆ ಹೋಗಿರುತ್ತದೆ. ಪುಟ್ಟದು ಒಂದು ತಿಂಗಳಿನಿಂದ ಒಂದೂವರೆ ತಿಂಗಳು ಒಳಗಿರುತ್ತದೆ. ದೊಡ್ಡದಾದರೆ ಎರಡು, ಮೂರು ತಿಂಗಳು, ಇನ್ನೂ ಜಾಸ್ತಿಯೂ ಆಗಬಹುದು.

ಈ ಕಾಯುವಿಕೆಯೇ ಜನರಿಗೆ ಆಗುವುದಿಲ್ಲ. ನ್ಯೂಜೆರ್ಸಿಯಲ್ಲಿ ಒಬ್ಬ ಗೆಳತಿ ‘ಬದುಕಿದೆಯೋ ಇಲ್ಲವೋ ನೋಡೋಣ’ ಎಂದು ಚಮಚದಲ್ಲಿ ಮರಳು ಕೆದಕಿದಳು. ಏಡಿ ಬದುಕಿತ್ತು. ಆಗಷ್ಟೇ ಪೊರೆ ಬಿಟ್ಟಿತ್ತು. ಮೈ ಬಿಳುಚಿ, ಕಾಲಿನ ತುದಿಗಳು ಇನ್ನೂ ಬಾಗುವಷ್ಟು ಮೆತ್ತಗಿದ್ದವು. ಕಳಚಿದ ಹಳೆ ಕವಚ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ‘ಸತ್ತ ಕಾಲುಗಳು’ ಎಂದುಕೊಂಡು ಅವಳು ಕಸದ ಬುಟ್ಟಿಗೆ ಹಾಕಿದ್ದಳು. ಆ ಕವಚ ಏಡಿಯ ಊಟ. ಅದನ್ನು ತಿಂದೇ ಕ್ಯಾಲ್ಸಿಯಂ ವಾಪಸ್ ಪಡೆದು ಹೊಸ ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಆ ಏಡಿ ಉಳಿಯಲಿಲ್ಲ.

ಇಡೀ ಏಡಿಯಂತೆಯೇ ಕಾಣುವ ಈ ಖಾಲಿ ಕವಚವನ್ನು ಕಂಡು ಏಡಿಯೇ ಸತ್ತಿತೆಂದು ಚಿಪ್ಪಿನ ಸಮೇತ ಎಸೆದವರು ಎಷ್ಟೋ ಜನ. ವ್ಯತ್ಯಾಸ ಹೀಗೆ ಗೊತ್ತು ಮಾಡಿಕೊಳ್ಳಿ: ಕವಚ ಹಗುರ, ಒಳಗೆ ಟೊಳ್ಳು, ಕಣ್ಣಿನ ಜಾಗವೂ ಖಾಲಿ. ಸತ್ತ ಏಡಿಯಾದರೆ ಕೊಳೆತ ಮೀನಿನ ವಾಸನೆ ಕೋಣೆಗೇ ಗೊತ್ತಾಗುತ್ತದೆ. ವಾಸನೆ ಇಲ್ಲ ಅಂದರೆ ಮರಳು ಮುಟ್ಟಬೇಡಿ. ಒಳಗೊಂದು ಏಡಿ ಇರುವಷ್ಟು ಕಾಲ ಮರಳು ಬದಲಿಸುವುದು, ತೊಟ್ಟಿ ತೊಳೆಯುವುದು, ಜಾಗ ಬದಲಿಸುವುದು, ಯಾವುದೂ ಬೇಡ.

ಮರಳಿನ ಮೇಲೆಯೇ ಪೊರೆ ಬಿಡಲು ಶುರು ಮಾಡಿದರೆ? ಎತ್ತಬೇಡಿ. ಪೊರೆ ಬಿಟ್ಟ ಏಡಿಯ ವಾಸನೆಗೆ ಉಳಿದವು ಬಂದು ತಿಂದುಬಿಡುತ್ತವೆ. ಎರಡು ಲೀಟರಿನ ಸೋಡಾ ಬಾಟಲಿಯ ತಲೆ, ಬುಡ ಎರಡನ್ನೂ ಕತ್ತರಿಸಿ, ಆ ಕೊಳವೆಯನ್ನು ಏಡಿಯ ಸುತ್ತ ಮರಳಿಗೆ ಆಳವಾಗಿ ಒತ್ತಿ. ಮೇಲೆ ಜಾಲರಿ ಕಟ್ಟಿ, ಬೆಳಕು ಬೀಳದಂತೆ ಕಪ್ಪು ಬಟ್ಟೆ ಸುತ್ತಿ. ಕಳಚಿದ ಕವಚ ಅದರ ಪಕ್ಕದಲ್ಲೇ ಇರಲಿ.

ಚಿಪ್ಪು, ಊಟ

ಬಣ್ಣದ ಚಿಪ್ಪು ಬೇಡ, ಬಣ್ಣ ಸುಲಿದು ಏಡಿಯ ಹೊಟ್ಟೆಗೆ ಹೋಗುತ್ತದೆ. ಹಾಗೆಂದು ಏಡಿಯನ್ನು ಎಳೆದು ಹೊರಗೆ ತೆಗೆಯಬೇಡಿ, ಹರಿದು ಹೋಗುತ್ತದೆಯೇ ಹೊರತು ಚಿಪ್ಪು ಬಿಡುವುದಿಲ್ಲ. ಟರ್ಬೊ ಎಂಬ ಕಡಲ ಬಸವನಹುಳುವಿನ ದುಂಡು ಬಾಯಿಯ ಚಿಪ್ಪುಗಳನ್ನು ಕುದಿಸಿ, ಆರಿಸಿ ಒಳಗಿಡಿ. ಏಡಿಗೆ ಮೂರರಂತೆ ಇರಲಿ, ಬಾಯಿ ದೊಡ್ಡ ಕೊಂಬಿನಷ್ಟು ಅಥವಾ ಸ್ವಲ್ಪ ಅಗಲ ಇರಲಿ. ರಾತ್ರಿ ಅದೇ ಬದಲಿಸಿಕೊಳ್ಳುತ್ತದೆ.

ಊಟಕ್ಕೆ ಡಬ್ಬಿಯ ಗುಳಿಗೆ ಬೇಡ. ಚೀಟಿ ಓದಿದರೆ ಎಷ್ಟೋ ಡಬ್ಬಿಗಳಲ್ಲಿ ಕಾಪರ್ ಸಲ್ಫೇಟ್, ಕೆಡದಂತೆ ಹಾಕುವ ಎಥಾಕ್ಸಿಕ್ವಿನ್‌ನಂಥ ರಾಸಾಯನಿಕಗಳು ಕಾಣುತ್ತವೆ. ನಮ್ಮ ಅಡುಗೆ ಮನೆಯಲ್ಲೇ ಬೇಕಾದಷ್ಟಿದೆ. ತೆಂಗಿನ ಚೂರು, ಬಾಳೆಹಣ್ಣು, ಮಾವಿನ ಹೋಳು, ಉಪ್ಪಿಲ್ಲದ ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಉಪ್ಪು ಹಾಕದ ಒಣ ಸಿಗಡಿ. ಒಗ್ಗರಣೆ ಬಿದ್ದದ್ದು ಮಾತ್ರ ಬೇಡ. ಮೊಟ್ಟೆಯ ಚಿಪ್ಪಿನ ಪುಡಿ ಅಥವಾ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲ ಜೀವಿಯ ಒಳಚಿಪ್ಪು) ತೊಟ್ಟಿಯಲ್ಲಿ ಸದಾ ಇರಬೇಕು, ಪೊರೆಗೆ ಅದೇ ಆಧಾರ. ಸಂಜೆ ಹಾಕಿ, ಹಾಳಾಗುವಂಥದ್ದನ್ನು ಬೆಳಿಗ್ಗೆ ತೆಗೆಯಿರಿ.

ಊರಿನಲ್ಲಿರುವವರಿಗೆ ಒಂದು ಮಾತು. ಮಲ್ಪೆಯಲ್ಲೋ ಗೋಕರ್ಣದಲ್ಲೋ ಬಂಡೆಯ ಸಂದಿಯ ನೀರಿನಲ್ಲಿ ಓಡಾಡುವ ಸನ್ಯಾಸಿ ಏಡಿಗಳು ಬಹುಪಾಲು ಕಡಲಿನವು. ಇವಕ್ಕೆ ಸಮುದ್ರದ ನೀರೇ ಬೇಕು. ಬಾಟಲಿಯಲ್ಲಿ ಬೆಂಗಳೂರಿಗೆ ತಂದರೆ ಸಾಯುತ್ತವೆ. ನೋಡಿ, ಮಕ್ಕಳಿಗೆ ತೋರಿಸಿ, ಅಲ್ಲೇ ಬಿಡಿ. ಖಾಲಿ ಚಿಪ್ಪುಗಳನ್ನೂ ಆರಿಸಿ ತರಬೇಡಿ, ಅವು ಯಾವುದೋ ಏಡಿಯ ಮುಂದಿನ ಮನೆ. ಅಂಡಮಾನ್ ನಿಕೋಬಾರ್ ಕಡೆ ಸಿಗುವ ದೈತ್ಯ ತೆಂಗಿನ ಏಡಿ ಇವುಗಳ ಹತ್ತಿರದ ಸಂಬಂಧಿ. ಅದನ್ನಂತೂ ಹಿಡಿಯುವಂತೆಯೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ.

ಜೊತೆ

ಒಂಟಿ ಏಡಿ ಮೂಲೆ ಹಿಡಿದು ಕೂರುತ್ತದೆ. ಎರಡೋ ಮೂರೋ ಇರಬೇಕು. ಆದರೆ ಎರಡನೆಯದಕ್ಕೆ ದಂಡೆಯ ಅಂಗಡಿಗೆ ಹೋಗಬೇಡಿ. ಇವುಗಳ ಮರಿಗಳು ಕಡಲ ನೀರಿನಲ್ಲೇ ಬೆಳೆದು ಆಮೇಲೆ ದಡಕ್ಕೆ ಬರಬೇಕು. ಹಾಗಾಗಿ ಇವನ್ನು ಸಾಕಿ ಮರಿ ಮಾಡಿಸಿ ಮಾರುವುದು ಬಹಳ ಕಷ್ಟ, ಅಂಗಡಿಯಲ್ಲಿರುವ ಏಡಿಗಳೆಲ್ಲ ಹೆಚ್ಚುಕಡಿಮೆ ದ್ವೀಪಗಳಿಂದ ಹಿಡಿದು ತಂದವೇ. ನಾವು ಒಂದು ಕೊಂಡರೆ ಅಲ್ಲಿ ಇನ್ನೊಂದು ಹಿಡಿಯುತ್ತಾರೆ. ಅದರ ಬದಲು ಸೆಪ್ಟೆಂಬರಿನಲ್ಲಿ, ಶಾಲೆ ಶುರುವಾದ ಮೇಲೆ, ನಿಮ್ಮ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಮಕ್ಕಳ ಶಾಲೆಯ ಪಾಲಕರ ಗುಂಪಿನಲ್ಲಿ ಒಂದು ಸಾಲು ಹಾಕಿ: ‘ಸನ್ಯಾಸಿ ಏಡಿ ಸಾಕಲಾಗದವರು ನಮಗೆ ಕೊಡಿ.’ ರಜೆಯಲ್ಲಿ ಕೊಂಡು ಈಗ ಏನು ಮಾಡುವುದೆಂದು ತೋಚದೆ ಕೂತವರು ಪಂಜರದ ಸಮೇತ ತಂದುಕೊಡುತ್ತಾರೆ. ಪಂಜರ ಅವರಿಗೇ ವಾಪಸ್ ಕೊಟ್ಟು, ಏಡಿಯನ್ನು ಉಪ್ಪುನೀರಿನ ಬಟ್ಟಲಿನ ಪಕ್ಕದಲ್ಲಿ ಬಿಡಿ. ಬಂದ ದಿನವೇ ಮರಳಿನೊಳಗೆ ಇಳಿದರೂ ಗಾಬರಿಯಾಗಬೇಡಿ. ಎಷ್ಟೋ ದಿನದಿಂದ ಅದು ಕಾಯುತ್ತಿದ್ದದ್ದು ಆ ಜಾಗಕ್ಕೇ.