ಕಂದು ಚರ್ಮಕ್ಕೆ ಲೇಸರ್: ಬಿಸಿಲ ನಾಡಿನವರು ಕೇಳಬೇಕಾದ್ದು, ಮಾಡಬೇಕಾದ್ದು

ಗದ್ದದ ಕೂದಲು ತೆಗೆಸಲು ಲೇಸರ್ ಸೆಂಟರಿಗೆ ಹೋದರೆ ಮೊದಲು ಯಂತ್ರದ ಬೆಳಕಿನ ತರಂಗದೂರ (ವೇವ್‌ಲೆಂತ್) ಎಷ್ಟೆಂದು ಕೇಳಿ. ದರದ ಮಾತು ಆಮೇಲೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಮ್ಮಲ್ಲಿ ಹೆಚ್ಚಿನವರ ಮೈಬಣ್ಣ ಚರ್ಮವನ್ನು ತೀರ ಬಿಳಿಯಿಂದ (1) ಕಡುಗಪ್ಪಿನವರೆಗೆ (6) ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಅಳತೆಯಲ್ಲಿ 4 ಅಥವಾ 5ನೇ ದರ್ಜೆಯದು. ಲೇಸರ್ ಗುರಿಯಿಡುವುದು ಕೂದಲಿನ ಬೇರಿನಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತುವಿಗೆ. ನಮ್ಮಲ್ಲಿ ಅದು ಚರ್ಮದ ಮೇಲ್ಪದರದಲ್ಲೂ ದಟ್ಟವಾಗಿರುತ್ತದೆ. ಬೇರಿಗೆ ತಾಗಬೇಕಾದ ಶಾಖವನ್ನು ಮೇಲ್ಪದರವೇ ಹೀರಿಕೊಂಡರೆ ಸುಟ್ಟ ಗಾಯ, ಆಮೇಲೆ ಕಪ್ಪು ಕಲೆ.

ಈ ತಂತ್ರ ಬೆಳೆದದ್ದೇ ಬಿಳಿ ಚರ್ಮದ ಮೇಲೆ. 1960ರಲ್ಲಿ ಥಿಯೋಡರ್ ಮೈಮನ್ ರೂಪಿಸಿದ ಮೊದಲ ಲೇಸರ್ ರೂಬಿಯದು, 694 ನ್ಯಾನೋಮೀಟರ್. ಕೆಲವೇ ವರ್ಷಗಳಲ್ಲಿ ಅಮೆರಿಕದ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪ್ರಯೋಗಿಸಿದರು. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಮೂಲಸೂತ್ರ ಕೊಟ್ಟರು: ಗುರಿಯ ಬಣ್ಣಕ್ಕೆ ತಕ್ಕ ಬೆಳಕನ್ನು ತಕ್ಕಷ್ಟೇ ಹೊತ್ತು ಹಾಯಿಸಿದರೆ ಸುತ್ತಲಿನ ಭಾಗ ಉಳಿಯುತ್ತದೆ. ತೊಂಬತ್ತರ ದಶಕದಲ್ಲಿ ರೂಬಿಯಿಂದ ಕೂದಲು ತೆಗೆಯುವುದು ಶುರುವಾದರೂ ಕಂದು ಚರ್ಮಕ್ಕೆ ಅದು ಅಪಾಯಕಾರಿಯಾಗಿತ್ತು. ಆಮೇಲೆ 755ರ ಅಲೆಕ್ಸಾಂಡ್ರೈಟ್, 810ರ ಡಯೋಡ್, 1064ರ ಎನ್‌ಡಿ-ಯಾಗ್ ಬಂದವು. ಈ ಸಾಲಿನಲ್ಲಿ ತರಂಗದೂರ ಹೆಚ್ಚಿದಂತೆ ಮೆಲನಿನ್ ಬೆಳಕನ್ನು ಹೀರುವುದು ಕಡಿಮೆಯಾಗುತ್ತದೆ. ಹಾಗಾಗಿ ಕಡುಗಪ್ಪು ಚರ್ಮಕ್ಕೆ 1064, ಗೋಧಿಬಣ್ಣಕ್ಕೆ 1064 ಅಥವಾ ದೀರ್ಘ ಪಲ್ಸಿನ (ಒಂದು ಸಲಕ್ಕೆ ಬೆಳಕು ಹಾಯುವ ಹೊತ್ತು ಹೆಚ್ಚಿರುವ) 810 ಕೇಳಿ. ಪಲ್ಸ್ ಅವಧಿ ಸಾಮಾನ್ಯವಾಗಿ 20ರಿಂದ 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಲಿ. ತೀರ ಗಿಡ್ಡ ಪಲ್ಸಿನಲ್ಲಿ ಮೇಲ್ಪದರಕ್ಕೆ ತಣಿಯಲು ಸಮಯವೇ ಸಿಗುವುದಿಲ್ಲ. ಪಾರ್ಲರುಗಳಲ್ಲಿ ಲೇಸರ್ ಎಂದು ತೋರಿಸುವ ಎಷ್ಟೋ ಯಂತ್ರಗಳು ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್), ಲೇಸರ್ ಅಲ್ಲ. ಅದು ಹಲವು ತರಂಗದೂರಗಳ ಬೆಳಕನ್ನು ಒಟ್ಟಿಗೆ ಹಾಯಿಸುತ್ತದೆ. ನಮ್ಮ ಬಣ್ಣಕ್ಕೆ ಅದನ್ನು ನಾವು ಸೂಚಿಸುವುದಿಲ್ಲ.

ಯಾವಾಗ ಶುರು ಮಾಡಬೇಕು?

ಮದುವೆಗೆ ಹತ್ತು ದಿನ ಇರುವಾಗ, ಅದೂ ಏಪ್ರಿಲ್–ಮೇನಲ್ಲಿ, ಬೇಡವೇ ಬೇಡ. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಕಪ್ಪಾದ ಮೈಗೆ ಲೇಸರ್ ಹಾಯಿಸುವುದೆಂದರೆ ಸುಟ್ಟಗಾಯಕ್ಕೆ ದಾರಿ ಮಾಡಿಕೊಟ್ಟಂತೆ. ಮೃಗಶಿರ ಮಳೆ ಮುಗಿದು ಬಿಸಿಲಿನ ಕಪ್ಪು ಇಳಿದ ಮೇಲೆ, ಜುಲೈ ಮೊದಲ ವಾರ ಆರಂಭಿಸಿ. ಒಂದು ಸಲಕ್ಕೆ ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಸಾಯುವುದರಿಂದ ಕನಿಷ್ಠ ಆರು ಸಲ ಬೇಕು. ಆರು ವಾರಕ್ಕೊಮ್ಮೆಯಂತೆ ಎಣಿಸಿದರೆ ಶಿವರಾತ್ರಿಗೆ ಮುಂಚೆ ಆರೂ ಮುಗಿಯುತ್ತವೆ.

ಹೋಗುವ ಮುಂಚೆ ನಾಲ್ಕು ವಾರ ವ್ಯಾಕ್ಸಿಂಗ್, ಥ್ರೆಡಿಂಗ್, ಕೀಳುವುದು ನಿಲ್ಲಿಸಿ. ಬೇರೇ ಇಲ್ಲದಿದ್ದರೆ ಬೆಳಕಿಗೆ ಗುರಿ ಎಲ್ಲಿ? ಹಿಂದಿನ ದಿನ ಬ್ಲೇಡಿನಿಂದ ಶೇವ್ ಮಾಡಿಕೊಳ್ಳಿ. ಶೇವ್ ಮಾಡಿದರೆ ಕೂದಲು ದಪ್ಪಗಾಗುತ್ತದೆ ಎಂಬುದು ಸುಳ್ಳು. ಕಾಡಿಗೆ, ಕುಂಕುಮ, ಅರಿಷಿಣ, ಎಣ್ಣೆ ಪೂರ್ತಿ ತೊಳೆದಿರಬೇಕು. ಗದ್ದದ ಮೇಲೋ ಕೈಮೇಲೋ ಹಚ್ಚೆ ಇದ್ದರೆ ಅದರ ಮೇಲೆ ಹಾಯಿಸಲು ಬಿಡಬೇಡಿ, ಹಚ್ಚೆಯ ಶಾಯಿ ಕಾದು ಬೊಬ್ಬೆ ಏಳುತ್ತದೆ. ಬಿಳಿ ಕೂದಲಿಗೆ ಯಾವ ಲೇಸರೂ ಕೆಲಸ ಮಾಡದು. ಮುಟ್ಟು ಏರುಪೇರಾಗಿ ಗದ್ದದಲ್ಲಿ ಒರಟು ಕೂದಲು ಬಂದಿದ್ದರೆ ಮೊದಲು ಪಿಸಿಓಡಿ (ಅಂಡಾಶಯ, ಹಾರ್ಮೋನಿನ ತೊಂದರೆ) ಪರೀಕ್ಷೆ ಮಾಡಿಸಿ. ಅದನ್ನು ಬಿಟ್ಟು ಲೇಸರ್ ಮಾಡಿಸಿದರೆ ಕೂದಲು ಮರಳಿ ಬರುತ್ತದೆ, ಕೆಲವರಿಗೆ ಮುಖದ ನವಿರು ಕೂದಲೇ ದಪ್ಪವಾಗುವುದೂ ಉಂಟು.

ಮರಗಟ್ಟಿಸುವ ಕ್ರೀಮನ್ನು ಮೇಲ್ದುಟಿಯಂಥ ಸಣ್ಣ ಜಾಗಕ್ಕೆ, ವೈದ್ಯರು ಹೇಳಿದಷ್ಟೇ ಹಚ್ಚಿ. ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡವರು ಔಷಧ ರಕ್ತಕ್ಕೇರಿ ಪ್ರಾಣ ಕಳೆದುಕೊಂಡ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

ಯಂತ್ರದ ಮುಂದೆ

ಮೊದಲ ಭೇಟಿಯಲ್ಲಿ ಕಿವಿಯ ಕೆಳಗೆ ನಾಲ್ಕೈದು ಶಾಟ್ ಹಾಕಿಸಿ ಮನೆಗೆ ಬನ್ನಿ. ಕಂದು ಚರ್ಮದಲ್ಲಿ ಕಲೆ ತಡವಾಗಿ ಕಾಣಿಸಿಕೊಳ್ಳಬಹುದು, ಆದ್ದರಿಂದ ಎರಡು ವಾರ ಕಾದರೆ ಒಳ್ಳೆಯದು. ಚಿಕಿತ್ಸೆಯ ದಿನ ನಿಮಗೂ ಯಂತ್ರ ಹಿಡಿದವರಿಗೂ ಆ ತರಂಗದೂರಕ್ಕೆಂದೇ ಮಾಡಿದ ಕನ್ನಡಕ ಬೇಕು. ಹುಬ್ಬಿನ ಕೆಳಗೆ, ರೆಪ್ಪೆಯ ಮೇಲೆ ಬೇಡ. ಚರ್ಮಕ್ಕೆ ತಾಗುವ ತುದಿ ಹಿಮದಂತೆ ತಣ್ಣಗಿರಬೇಕು. ಕರೆಂಟು ಹೋಗಿ ಬಂದ ಮೇಲೆ ಅದು ಮತ್ತೆ ತಣ್ಣಗಾಗುವವರೆಗೆ ಒಂದು ಶಾಟೂ ಬೇಡ. ಕೂದಲ ಬುಡದ ಸುತ್ತ ಸಣ್ಣ ಉಬ್ಬು, ನಸುಗೆಂಪು ಬಂದರೆ ಶಕ್ತಿ ಸರಿಯಾಗಿದೆ. ಬೂದು ಅಥವಾ ಬಿಳಿ ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಲು ಹೇಳಿ, ಅದು ಸುಟ್ಟ ಗುರುತು.

ಮನೆಯಲ್ಲಿ ಬಟ್ಟೆ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ಎರಡು ದಿನ ಬಿಸಿನೀರು, ಸ್ಕ್ರಬ್, ಬ್ಲೀಚ್ ಮುಟ್ಟಬೇಡಿ. ಒಂದರಿಂದ ಮೂರು ವಾರದಲ್ಲಿ ಕೂದಲು ತಾನಾಗಿ ಉದುರುತ್ತದೆ. ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಮುಖ–ಕುತ್ತಿಗೆಗೆ ಎರಡು ಬೆರಳುದ್ದ ಹಚ್ಚಿ, ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ. ಹೊಲಕ್ಕೆ ಹೋಗುವವರು, ಗಾಡಿ ಮೇಲೆ ಓಡಾಡುವವರು ಮುಖ ಮುಚ್ಚುವ ದುಪಟ್ಟಾವನ್ನೂ ಬಿಡಬಾರದು. ಬೊಬ್ಬೆ ಬಂದರೆ ಒಡೆಯದೆ ವ್ಯಾಸಲೀನ್ ಹಚ್ಚಿ ಅಂದೇ ವೈದ್ಯರಿಗೆ ತೋರಿಸಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೂ ಹೋಗಬಹುದು. ಕಪ್ಪು ಕಲೆಗೆ ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿಗೆ ಕೊಡುವ ಬೆಳ್ಳಗಾಗುವ ಕ್ರೀಮ್ ತರಬೇಡಿ. ಅವುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ, ಚರ್ಮ ತೆಳುವಾಗಿ ನರ ಕಾಣತೊಡಗುತ್ತವೆ.

ಮೊಡವೆಯ ಗುಳಿ, ಬಂಗು

ಗುಳಿಗಳಿಗೆ ಬಳಸುವ ಫ್ರ್ಯಾಕ್ಷನಲ್ ತಂತ್ರ 2004ರಲ್ಲಿ ಬಂತು. ಅದು ಚುಕ್ಕಿ ಚುಕ್ಕಿಯಾಗಿ ಮಾತ್ರ ಸುಡುತ್ತದೆ, ನಡುವೆ ಉಳಿದ ಚರ್ಮದಿಂದ ಗಾಯ ಬೇಗ ಮಾಯುತ್ತದೆ. ಸಿಓ2 (ಕಾರ್ಬನ್ ಡೈಆಕ್ಸೈಡ್) ಲೇಸರ್ ಯಂತ್ರವಾದರೆ ಚುಕ್ಕಿಗಳ ಸಾಂದ್ರತೆ ಕಡಿಮೆ ಇಟ್ಟು ಹೆಚ್ಚು ಸಲ ಮಾಡಿಸಿ. ನಮ್ಮ ಚರ್ಮದಲ್ಲಿ ಕಲೆ ಉಳಿಯುವುದು ಹೆಚ್ಚಾಗಿ ಚುಕ್ಕಿ ದಟ್ಟವಾದಾಗ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಆಗಾಗ ಏಳುತ್ತಿದ್ದರೆ ಮೊದಲೇ ಹೇಳಿ, ಮಾತ್ರೆ ಬೇಕಾಗುತ್ತದೆ. ಗಾಯ ಗಂಟುಗಟ್ಟುವ ಮೈಯವರು ಇದನ್ನು ಮಾಡಿಸಬಾರದು.

ಬಂಗಿಗೆ ಲೇಸರ್ ಮೊದಲ ಮದ್ದಲ್ಲ. ವಾರವಾರ ಲೇಸರ್ ಟೋನಿಂಗ್ (ಕಡಿಮೆ ಶಕ್ತಿಯ ಲೇಸರನ್ನು ಮತ್ತೆ ಮತ್ತೆ ಹಾಯಿಸುವುದು) ಮಾಡಿಸಿದ ಕೆಲವರಲ್ಲಿ ಬಿಳಿ ಚುಕ್ಕೆಗಳು ಎದ್ದು, ಹಠ ಹಿಡಿದು ಉಳಿದುಬಿಡುತ್ತವೆ.

ಪ್ರತಿ ಸಲವೂ ತರಂಗದೂರ, ಶಕ್ತಿ (ಜೂಲ್), ಪಲ್ಸ್ ಅವಧಿ, ಸ್ಪಾಟ್ (ಒಂದು ಶಾಟಿಗೆ ಬೆಳಕು ಬೀಳುವ ಜಾಗದ) ಅಳತೆ ಚೀಟಿಯಲ್ಲಿ ಬರೆಸಿಕೊಳ್ಳಿ. ಅರ್ಧದಲ್ಲಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕಾದರೆ ಅಲ್ಲಿನ ವೈದ್ಯರು ಅದನ್ನು ನೋಡಿ ಮುಂದುವರಿಸುತ್ತಾರೆ. ಬರೆದುಕೊಡಲು ಒಪ್ಪದ ಕಡೆ ಎರಡನೇ ಸಲ ಹೋಗಬೇಡಿ.